ಬಾಗಿಲು ತೆರೆದಿಟ್ಟ ಪಂಡಿತೆ

ನಮ್ಮ ಕನ್ನಡ ಬಳಗದ ಈ ಸಂಚಿಕೆಗೆ ಕರ್ನಾಟಕದಲ್ಲಿ ಹುಟ್ಟಿ ಹೊರಗೆ ಹೆಸರು ಮಾಡಿದವರ ಜೀವನಚರಿತ್ರೆಗಳು ಬೇಕು ಅಂತ ಸಂಪಾದಕರು ಹೇಳಿದಾಗ ಒಬ್ಬೊಬ್ಬರು ಒಂದೊಂದು ಹೆಸರು ಹಂಚಿಕೊಂಡರು. ಗಾಯಕರು, ಕ್ರಿಕೆಟ್ ಆಟಗಾರರು ಬೇಗ ಖರ್ಚಾಗಿಹೋದರು. ನಾನು ಮೆಲ್ಲಗೆ ಪಂಡಿತಾ ರಮಾಬಾಯಿ ಅಂದೆ. ಆಕೆ ಮರಾಠಿಯವರಲ್ಲವೇ ಎಂದು ಒಬ್ಬರು ಕೇಳಿದರು. ಆಕೆ ಕ್ರಿಶ್ಚಿಯನ್ ಆಗಿಹೋದವಳಲ್ಲವೇ ಎಂದು ಇನ್ನೊಬ್ಬರು ಕೇಳಿದರು. ಮೊದಲನೆಯ ಪ್ರಶ್ನೆಗೆ ನಾನು ಅಲ್ಲಿಯೇ ಉತ್ತರ ಕೊಟ್ಟೆ. ಎರಡನೆಯದಕ್ಕೆ ಸುಮ್ಮನೆ ನಕ್ಕೆ. ಆ ನಗುವಿನ ಕಾರಣವನ್ನು ಈ ಲೇಖನದ ಕೊನೆಯಲ್ಲಿ ಹೇಳುತ್ತೇನೆ. ನಾನು ಕಾಮರ್ಸ್ ವಿದ್ಯಾರ್ಥಿನಿ, ಚರಿತ್ರೆ ನನ್ನ ವಿಷಯವಲ್ಲ. ತಪ್ಪಿದ್ದರೆ ತಿದ್ದಿಕೊಂಡು ಓದಬೇಕು.

ಮೊದಲು ಮೊದಲನೆಯ ಪ್ರಶ್ನೆ. ರಮಾಬಾಯಿ ಹುಟ್ಟಿದ್ದು 1858ರ ಏಪ್ರಿಲ್ 23ರಂದು, ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವ ಜಾಗ ಅದು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದ ಕಡೆಯವರು. ಮನೆಮಾತು ಮರಾಠಿ, ಸುತ್ತಲಿನ ಮಾತು ಕನ್ನಡ. ರಮಾಬಾಯಿಗೆ ಮರಾಠಿ, ಸಂಸ್ಕೃತಗಳ ಜೊತೆಗೆ ಕನ್ನಡವೂ ಬರುತ್ತಿತ್ತು. ಗಡಿ ಅನ್ನುವುದು ನಕಾಶೆಯಲ್ಲಿ ಇರುವಷ್ಟು ಗಟ್ಟಿಯಾಗಿ ಜನರ ನಾಲಿಗೆಯ ಮೇಲೆ ಇರುವುದಿಲ್ಲ ಅನ್ನೋದು ಪುಣೆಯಲ್ಲಿರುವ ನಮಗೆ ಗೊತ್ತಿದ್ದದ್ದೇ.

ಅನಂತಶಾಸ್ತ್ರಿಗಳ ಕಥೆಯೇ ಒಂದು ಬೇರೆ ಲೇಖನವಾದೀತು. ಚಿಕ್ಕ ವಯಸ್ಸಿನಲ್ಲಿ ಅವರು ಪುಣೆಗೆ ಬಂದು ಪೇಶ್ವೆಯ ಮನೆಯ ಗುರುಗಳಲ್ಲಿ ಓದಿದರು. ಅಲ್ಲಿ ಪೇಶ್ವೆಯ ಹೆಂಡತಿ ಸಂಸ್ಕೃತ ಶ್ಲೋಕ ಹೇಳುವುದನ್ನು ಕೇಳಿ ಬೆರಗಾದರು. ಹೆಂಗಸರೂ ಸಂಸ್ಕೃತ ಕಲಿಯಬಹುದಾದರೆ ನನ್ನ ಹೆಂಡತಿ ಯಾಕೆ ಕಲಿಯಬಾರದು ಅಂತ ಆವತ್ತೇ ನಿಶ್ಚಯ ಮಾಡಿದರು. ಮೊದಲ ಹೆಂಡತಿಗೆ ಕಲಿಸಲು ಮನೆಯ ಹಿರಿಯರು ಬಿಡಲಿಲ್ಲ. ಆಕೆ ತೀರಿಕೊಂಡ ಮೇಲೆ ಲಕ್ಷ್ಮೀಬಾಯಿಯನ್ನು ಮದುವೆಯಾಗಿ ಅವರಿಗೆ ಕಲಿಸಿಯೇ ಕಲಿಸಿದರು. ಊರಲ್ಲಿ ಗುಲ್ಲೆದ್ದಿತು. ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ನಿಂತು ಉತ್ತರ ಕೊಡಬೇಕಾಯಿತು. ಶಾಸ್ತ್ರಿಗಳು ಗ್ರಂಥಗಳಿಂದಲೇ ಆಧಾರ ತೆಗೆದು ತೋರಿಸಿದರು, ಬಹಿಷ್ಕಾರ ಬೀಳಲಿಲ್ಲ. ಆಮೇಲೆ ಕಾಡಿನಲ್ಲಿ ಮನೆ ಕಟ್ಟಿಕೊಂಡು ಹೆಂಡತಿಗೂ ಮಕ್ಕಳಿಗೂ ಪಾಠ ಹೇಳುತ್ತ ಇದ್ದರು. ತಾನು ಸರಿ ಅಂತ ತಿಳಿದದ್ದನ್ನು ನಾಲ್ಕು ಜನರ ಮುಂದೆ ಸರಿ ಎಂದೇ ಹೇಳಬೇಕು ಎನ್ನುವ ಗುಣ ಈ ಮಗಳಿಗೆ ಅಪ್ಪನಿಂದ ಬಂದ ಆಸ್ತಿ. ಬೇರೆ ಆಸ್ತಿಯೇನೂ ಬರಲಿಲ್ಲ. ಅತಿಥಿಗಳಿಗೆ ಅನ್ನ ಹಾಕಿ ಹಾಕಿ ಶಾಸ್ತ್ರಿಗಳು ಸಾಲಗಾರರಾಗಿದ್ದರು.

ರಮಾ ಆರು ತಿಂಗಳ ಕೂಸಾಗಿದ್ದಾಗ ಕುಟುಂಬ ಗಂಗಾಮೂಲ ಬಿಟ್ಟು ಯಾತ್ರೆ ಹೊರಟಿತು. ಕೂಸನ್ನು ಬೆತ್ತದ ಬುಟ್ಟಿಯಲ್ಲಿ ಹಾಕಿ ಆಳೊಬ್ಬನ ತಲೆಯ ಮೇಲೆ ಹೊರಿಸಿ ಘಟ್ಟ ಇಳಿಸಿದರಂತೆ. ಅಲ್ಲಿಂದ ಮುಂದೆ ಕ್ಷೇತ್ರದಿಂದ ಕ್ಷೇತ್ರಕ್ಕೆ, ದೇವಸ್ಥಾನದ ಜಗುಲಿಯಲ್ಲಿ, ನದಿಯ ದಂಡೆಯಲ್ಲಿ ಪುರಾಣ ಓದುವುದು, ಕೇಳಿದವರು ಕೊಟ್ಟ ಅಕ್ಕಿ ಬೇಳೆಯಲ್ಲಿ ಬದುಕುವುದು. ಶಾಲೆ ಅಂತ ಒಂದು ದಿನ ಇಲ್ಲ. ತಾಯಿ ಬೆಳಗಿನ ಜಾವ ಎಬ್ಬಿಸಿ ಬಾಯಿಪಾಠ ಮಾಡಿಸುತ್ತಿದ್ದರು. ಹನ್ನೆರಡು ವರ್ಷಕ್ಕೆ ಭಾಗವತದ 18,000 ಶ್ಲೋಕ ಬಾಯಲ್ಲಿತ್ತು. ನಮಗೆ ಕಂಪನಿ ಕಾಯಿದೆಯ ನಾಲ್ಕು ಕಲಮು ನೆನಪಿರುವುದಿಲ್ಲ.

1874ರ ಸುಮಾರಿಗೆ ಬರಗಾಲ ಬಂತು. ಇದ್ದ ಪಾತ್ರೆ, ಒಡವೆ, ಬಟ್ಟೆ ಎಲ್ಲ ಮಾರಿ ಮುಗಿದವು. ಬ್ರಾಹ್ಮಣರು ಕೂಲಿ ಮಾಡಬಾರದು, ಬೇಡಲು ನಾಚಿಕೆ. ದೇವರ ದಯೆ ಬರಲಿ ಎಂದು ಉಪವಾಸ, ಜಪ, ತೀರ್ಥಸ್ನಾನ ಎಲ್ಲ ಮಾಡಿದರು. ಕಾಡಿನಲ್ಲಿ ಎಲೆ ತಿಂದು ದಿನ ಕಳೆದರು. ಮೊದಲು ತಂದೆ ತೀರಿಕೊಂಡರು, ಸ್ವಲ್ಪ ದಿನದಲ್ಲಿ ತಾಯಿ, ಆಮೇಲೆ ಅಕ್ಕ. ತಾಯಿಯ ಹೆಣ ಹೊರಲು ನಾಲ್ಕು ಜನ ಸಿಗುವುದು ಕಷ್ಟವಾಯಿತು. ಅಣ್ಣ ಒಂದು ಕಡೆ ಹೆಗಲು ಕೊಟ್ಟ. ರಮಾ ಗಿಡ್ಡ ಹುಡುಗಿಯಾದ್ದರಿಂದ ಹೆಗಲ ಮಟ್ಟಕ್ಕೆ ಬಾರದೆ ಚಟ್ಟದ ಮೂಲೆಯನ್ನು ತಲೆಯ ಮೇಲೆ ಹೊತ್ತು ನಡೆದಳು. ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮಡಚಿಟ್ಟು ಹೊರಗೆ ಹೋಗಿ ನಿಂತುಬಿಟ್ಟೆ.

ಉಳಿದವರು ಅಣ್ಣ ಶ್ರೀನಿವಾಸ ಮತ್ತು ರಮಾ. ಇಬ್ಬರೂ ಕಾಲ್ನಡಿಗೆಯಲ್ಲೇ ಸಾವಿರಾರು ಮೈಲಿ ಉತ್ತರ ಭಾರತ ಸುತ್ತಿ 1878ರಲ್ಲಿ ಕಲ್ಕತ್ತೆಗೆ ಬಂದರು. ಅಲ್ಲಿನ ಪಂಡಿತರು ಪರೀಕ್ಷೆ ಮಾಡಿ ನೋಡಿ ಆಕೆಗೆ ಪಂಡಿತಾ, ಸರಸ್ವತೀ ಎಂಬ ಬಿರುದುಗಳನ್ನು ಕೊಟ್ಟರು. ಆಗ ಆಕೆಗೆ ಇಪ್ಪತ್ತು ವರ್ಷ, ಅಂದರೆ ಈಗ ನನಗಿರುವಷ್ಟು.

ಕಲ್ಕತ್ತೆಯಲ್ಲೇ ಒಂದು ತಮಾಷೆ ನಡೆಯಿತು. ಕ್ರೈಸ್ತರ ಒಂದು ಕೂಟಕ್ಕೆ ಅಣ್ಣ ತಂಗಿಯರನ್ನು ಕರೆದರು. ಅಲ್ಲಿ ಬ್ರಾಹ್ಮಣ ಮನೆತನದವರು ಇಂಗ್ಲಿಷರ ಜೊತೆ ಕೂತು ಚಹಾ ಬಿಸ್ಕೀಟು ತಿನ್ನುವುದನ್ನು ಕಂಡು ಇವರಿಬ್ಬರೂ ಕಲಿಯುಗ ಬಂದೇಬಿಟ್ಟಿತು ಅಂದುಕೊಂಡರು. ಆಮೇಲೆ ಎಲ್ಲರೂ ಕುರ್ಚಿಗಳ ಕಡೆ ತಿರುಗಿ ಮೊಣಕಾಲೂರಿ ಪ್ರಾರ್ಥನೆ ಮಾಡಿದರು. ದೇವರ ಮೂರ್ತಿ ಎಲ್ಲೂ ಕಾಣದ್ದರಿಂದ ಈ ಜನ ಕುರ್ಚಿಗಳಿಗೇ ನಮಸ್ಕಾರ ಮಾಡುತ್ತಿದ್ದಾರೆ ಅಂತ ಇವರು ತಿಳಿದರು! ಅಲ್ಲಿ ಒಂದು ಸಂಸ್ಕೃತ ಬೈಬಲ್ ಕೂಡ ಕೈಗೆ ಬಂತು. ಅದರ ಸಂಸ್ಕೃತ ಪಂಡಿತೆಗೆ ರುಚಿಸಲಿಲ್ಲ, ಪುಸ್ತಕ ಬದಿಗೆ ಬಿತ್ತು.

1880ರಲ್ಲಿ ಅಣ್ಣನೂ ಢಾಕಾದಲ್ಲಿ ತೀರಿಕೊಂಡ. ಅದೇ ವರ್ಷ ಬಿಪಿನ್ ಬಿಹಾರಿ ಮೇಧಾವಿ ಎಂಬ ಬಂಗಾಳಿ ವಕೀಲರನ್ನು ರಮಾಬಾಯಿ ಸಿವಿಲ್ ಮದುವೆಯಾದರು. ಜಾತಿ ಬೇರೆ, ಭಾಷೆ ಬೇರೆ, ಪ್ರಾಂತ ಬೇರೆ. ಅಸ್ಸಾಮಿನ ಸಿಲ್ಚರ್‌ನಲ್ಲಿ ಸಂಸಾರ. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. ಗಂಡನ ಪುಸ್ತಕಗಳ ನಡುವೆ ಬಂಗಾಳಿಯ ಲೂಕನ ಸುವಾರ್ತೆ ಸಿಕ್ಕಿತು. ಹತ್ತಿರದ ಒಬ್ಬ ಬ್ಯಾಪ್ಟಿಸ್ಟ್ ಮಿಷನರಿಯವರಿಂದ ಇನ್ನಷ್ಟು ಕೇಳಿ ತಿಳಿದರು. ನಾನು ಕ್ರೈಸ್ತಳಾಗಬೇಕು ಅನಿಸುತ್ತದೆ ಎಂದು ಗಂಡನಿಗೆ ಹೇಳಿಯೂ ಹೇಳಿದರು. ಮಿಶನ್ ಶಾಲೆಯಲ್ಲಿ ಓದಿದವರಾದರೂ ಅವರಿಗೆ ಅದು ಸಿಟ್ಟು ತಂದಿತು. ಮಾತು ಅಲ್ಲಿಗೇ ನಿಂತಿತು. 1882ರ ಫೆಬ್ರವರಿಯಲ್ಲಿ ಕಾಲರಾ ಬಂದು ಗಂಡ ಹೋದರು. ಇಪ್ಪತ್ಮೂರು ವರ್ಷದ ವಿಧವೆ, ಕಂಕುಳಲ್ಲಿ ಹತ್ತು ತಿಂಗಳ ಮಗು, ತವರು ಅನ್ನುವುದು ಉಳಿದಿರಲಿಲ್ಲ.

ಆ ವರ್ಷವೇ ಅವರು ಪುಣೆಗೆ ಬಂದರು. ಪುಣೆಯ ಸುಧಾರಕರು, ಅಂದರೆ ರಾನಡೆ, ಭಂಡಾರಕರ್ ಮೊದಲಾದವರು, ಆದರದಿಂದ ಬರಮಾಡಿಕೊಂಡರು. ರಮಾಬಾಯಿ ಆರ್ಯ ಮಹಿಳಾ ಸಮಾಜ ಸ್ಥಾಪಿಸಿದರು, ಮರಾಠಿಯಲ್ಲಿ ಸ್ತ್ರೀಧರ್ಮನೀತಿ ಎಂಬ ಪುಸ್ತಕ ಬರೆದರು. ಹಂಟರ್ ಶಿಕ್ಷಣ ಆಯೋಗದ ಮುಂದೆ ಸಾಕ್ಷಿ ಹೇಳಿ, ಹೆಂಗಸರಿಗೆ ಹೆಂಗಸರೇ ಶಿಕ್ಷಕಿಯರೂ ಡಾಕ್ಟರರೂ ಆಗಿ ಬೇಕು ಎಂದು ವಾದಿಸಿದರು. ತಾನೇ ಡಾಕ್ಟರಿಕೆ ಓದಬೇಕೆಂಬ ಆಸೆಯಿಂದ 1883ರಲ್ಲಿ ಮಗಳನ್ನೂ ಗೆಳತಿ ಆನಂದೀಬಾಯಿ ಭಗತರನ್ನೂ ಕರೆದುಕೊಂಡು ಇಂಗ್ಲೆಂಡಿಗೆ ಹಡಗು ಹತ್ತಿದರು. ಪುಸ್ತಕ ಮಾರಿದ ಹಣವೇ ದಾರಿಖರ್ಚು. ಹೋಗುವ ಮುಂಚೆ ತಾನು ಮತ ಬದಲಿಸುವುದಿಲ್ಲ ಅಂತ ಹೇಳಿಯೇ ಹೋದರು. ಇದನ್ನು ಮರೆಮಾಚಬಾರದು. ಅವರ ವಿರೋಧಿಗಳು ಮುಂದೆ ಬಹಳ ಕಾಲ ಇದೇ ಮಾತನ್ನು ಎತ್ತಿ ಆಡಿದರು.

ಇಂಗ್ಲೆಂಡಿನ ವಾಂಟೇಜ್ ಎಂಬ ಊರಿನ ಕ್ರೈಸ್ತ ಸನ್ಯಾಸಿನಿಯರ ಮಠದಲ್ಲಿ ಅವರು ಇಳಿದುಕೊಂಡರು. ಕಿವಿ ಮಂದವಾದ್ದರಿಂದ ಡಾಕ್ಟರಿಕೆಯ ಆಸೆ ಕೈಗೂಡಲಿಲ್ಲ. ಲಂಡನ್ನಿನ ಫುಲಹಾಮ್‌ನಲ್ಲಿ ಆ ಸಿಸ್ಟರುಗಳು ನಡೆಸುತ್ತಿದ್ದ ಒಂದು ಆಶ್ರಮವನ್ನು ನೋಡಲು ಹೋದರು. ದಾರಿತಪ್ಪಿದರು ಅಂತ ಜನ ದೂಡಿದ ಹೆಂಗಸರಿಗೆ ಅಲ್ಲಿ ಮರಳಿ ಮರ್ಯಾದೆಯ ಬದುಕು ಕೊಡುತ್ತಿದ್ದರು. ಇಂಥ ಹೆಂಗಸರನ್ನೂ ಪ್ರೀತಿಯಿಂದ ನೋಡಲು ಇವರಿಗೆ ಹೇಳಿದವರು ಯಾರು ಅಂತ ಕೇಳಿದಾಗ, ಸಿಸ್ಟರೊಬ್ಬರು ಯೇಸು ಬಾವಿಯ ಬಳಿ ಸಮಾರ್ಯದ ಹೆಂಗಸಿನ ಜೊತೆ ಮಾತಾಡಿದ ಅಧ್ಯಾಯವನ್ನು ಓದಿ ಹೇಳಿದರು. ರಮಾಬಾಯಿ ಓದಿದ್ದ ಶಾಸ್ತ್ರಗಳಲ್ಲಿ ಹೆಂಗಸಿಗೂ ಶೂದ್ರನಿಗೂ ಮೋಕ್ಷದ ಬಾಗಿಲು ನೇರವಾಗಿ ತೆರೆದಿರಲಿಲ್ಲ, ಅದು ಅವರನ್ನು ಬಹುದಿನ ಕೊರೆದಿತ್ತು. ಇಲ್ಲಿ ಅದು ತೆರೆದಿದೆ ಎಂದು ಅವರಿಗೆ ಕಂಡಿತು.

ಆದರೆ ನಡುವೆ ಒಂದು ದೊಡ್ಡ ದುರಂತ ನಡೆಯಿತು. ಜೊತೆಗೆ ಬಂದಿದ್ದ ಆನಂದೀಬಾಯಿ ಭಗತ್ ಮನಸ್ಸು ಕೆಟ್ಟು ಅಲ್ಲಿಯೇ ವಿಷ ಕುಡಿದು ಸತ್ತರು. ಪರದೇಶದಲ್ಲಿ ಇದ್ದೊಬ್ಬ ಗೆಳತಿ ಹೋದ ಆ ದುಃಖದ ಬೆನ್ನಿಗೇ 1883ರ ಸೆಪ್ಟೆಂಬರ್ 29ರಂದು ರಮಾಬಾಯಿ ಮಗಳ ಸಮೇತ ದೀಕ್ಷಾಸ್ನಾನ ತೆಗೆದುಕೊಂಡರು. ಮೇರಿ ರಮಾ ಎಂದು ಹೆಸರಿಟ್ಟರು.

ಪುಣೆಯಲ್ಲಿ ಬಾಂಬು ಬಿದ್ದ ಹಾಗಾಯಿತು. ನಮ್ಮ ಸರಸ್ವತಿ ಕೈತಪ್ಪಿದಳು ಎಂದು ಪತ್ರಿಕೆಗಳು ಕೂಗಾಡಿದವು. ಆದರೆ ಪುಣೆಯಲ್ಲೇ ಒಬ್ಬರು ಆಕೆಯ ಪರವಾಗಿ ಬರೆದರು. ಅವರು ಜೋತಿರಾವ್ ಫುಲೆ. 1885ರಲ್ಲಿ ಸತ್ಸಾರ್ ಎಂಬ ತಮ್ಮ ಪತ್ರಿಕೆಯಲ್ಲಿ, ಓದಿದ ಹೆಂಗಸು ತನ್ನ ವಿಚಾರದಂತೆ ನಡೆದದ್ದರಲ್ಲಿ ತಪ್ಪೇನು ಎಂಬ ನಿಲುವು ತೆಗೆದುಕೊಂಡರು.

ಕ್ರೈಸ್ತಳಾದ ಮೇಲೆ ಆಕೆ ಇಂಗ್ಲಿಷರು ಹೇಳಿದಂತೆ ಕೇಳಿಕೊಂಡು ಇದ್ದರು ಅಂತ ಯಾರಾದರೂ ತಿಳಿದರೆ ಅದು ದೊಡ್ಡ ತಪ್ಪು. ಮೊಟ್ಟೆ ಹಾಕಿದ ತಿಂಡಿಯನ್ನೂ ಮುಟ್ಟದ ಸಸ್ಯಾಹಾರ ಹಾಗೆಯೇ ಮುಂದುವರಿಯಿತು. ಕೊರಳಿಗೆ ಹಾಕುವ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರ ಯಾಕೆ, ನನಗೂ ಬಾರದು, ನನ್ನ ದೇಶದವರಿಗೂ ಬಾರದು, ಸಂಸ್ಕೃತ ಅಕ್ಷರ ಇರಲಿ ಎಂದು ಹಟ ಹಿಡಿದರು. ಚೆಲ್ಟೆನ್‌ಹ್ಯಾಮ್ ಕಾಲೇಜಿನಲ್ಲಿ ಓದುತ್ತ ಸಂಸ್ಕೃತ ಕಲಿಸುತ್ತಿದ್ದಾಗ, ಗಂಡುಹುಡುಗರಿಗೆ ಪಾಠ ಹೇಳಕೂಡದು ಎಂದು ಬಿಷಪ್ಪರು ಆಕ್ಷೇಪ ಮಾಡಿದರು. ಅದಕ್ಕೂ, ಪ್ರಶ್ನೆ ಕೇಳದೆ ನಂಬಬೇಕು ಎಂದ ಸಿಸ್ಟರ್ ಜೆರಾಲ್ಡೀನರಿಗೂ ಆಕೆ ಬರೆದ ಪತ್ರಗಳು ಬೆಂಕಿಯಂಥವು. ಒಂದು ಪುರೋಹಿತರ ನೊಗ ಕಳಚಿದ್ದು ಇನ್ನೊಂದಕ್ಕೆ ಕುತ್ತಿಗೆ ಕೊಡಲಿಕ್ಕಲ್ಲ, ನನ್ನ ಮನಸ್ಸಾಕ್ಷಿಯ ಒಡತಿ ನಾನೇ ಎನ್ನುವುದು ಅವುಗಳ ಸಾರಾಂಶ.

1886ರಲ್ಲಿ ದೂರದ ಸಂಬಂಧಿ ಆನಂದೀಬಾಯಿ ಜೋಶಿಯವರು ಡಾಕ್ಟರ್ ಪದವಿ ಪಡೆಯುವುದನ್ನು ನೋಡಲು ಅಮೆರಿಕಕ್ಕೆ ಹೋದವರು ಅಲ್ಲೇ ಎರಡು ವರ್ಷಕ್ಕೂ ಮೇಲೆ ಉಳಿದರು. ಉಚ್ಚ ಜಾತಿಯ ಹಿಂದೂ ಹೆಂಗಸಿನ ಬಗ್ಗೆ ಇಂಗ್ಲಿಷಿನಲ್ಲಿ ಬರೆದ ಪುಸ್ತಕ 1887ರಲ್ಲಿ ಬಂತು. ಬಾಸ್ಟನ್ನಿನಲ್ಲಿ ರಮಾಬಾಯಿ ಅಸೋಸಿಯೇಷನ್ ಕಟ್ಟಿ, ಹತ್ತು ವರ್ಷ ಹಣ ಕೊಡುವುದಾಗಿ ಅಲ್ಲಿನವರು ಒಪ್ಪಿದರು. ಷರತ್ತು ಒಂದೇ: ಶಾಲೆ ಯಾವ ಮತವನ್ನೂ ಬೋಧಿಸಕೂಡದು. ರಮಾಬಾಯಿಯೂ ಒಪ್ಪಿದರು. 1889ರ ಮಾರ್ಚ್ 11ರಂದು ಮುಂಬಯಿಯ ಚೌಪಾಟಿಯ ಹತ್ತಿರ ಶಾರದಾ ಸದನ ಶುರುವಾಯಿತು. ಮೊದಲ ವಿದ್ಯಾರ್ಥಿನಿಯರಲ್ಲಿ ಗೋದೂಬಾಯಿ ಎಂಬ ಬಾಲವಿಧವೆಯೂ ಒಬ್ಬರು. ಮುಂದೆ 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾದವರು ಈಕೆಯೇ. 1890ರಲ್ಲಿ ಸದನ ಪುಣೆಗೆ ಬಂತು. ರಾನಡೆ, ಭಂಡಾರಕರ್ ಸಲಹಾ ಸಮಿತಿಯಲ್ಲಿದ್ದರು.

ಈಗ ನಾನು ಹೇಳಬೇಕೆಂದಿದ್ದ ಘಟ್ಟಕ್ಕೆ ಬಂದೆ. ಸದನದಲ್ಲಿ ಬ್ರಾಹ್ಮಣ ವಿಧವೆಯರಿಗೆ ಅವರ ಆಚಾರದಂತೆಯೇ ಅಡಿಗೆ, ಪೂಜೆ ಎಲ್ಲಕ್ಕೂ ಅವಕಾಶ ಇತ್ತು. ತುಳಸಿಗೆ ನೀರು ಹಾಕುವವರು ಹಾಕಬಹುದು. ರಮಾಬಾಯಿ ತಮ್ಮ ಕೋಣೆಯಲ್ಲಿ ದಿನಾ ಬೆಳಿಗ್ಗೆ ಮಗಳ ಜೊತೆ ಬೈಬಲ್ ಓದಿ ಪ್ರಾರ್ಥನೆ ಮಾಡುತ್ತಿದ್ದರು. ಆದರೆ ಕೋಣೆಯ ಬಾಗಿಲು ಹಾಕುತ್ತಿರಲಿಲ್ಲ. ಯಾರನ್ನೂ ಕರೆಯುತ್ತಿರಲಿಲ್ಲ, ಬಂದು ಕೂತವರನ್ನು ಏಳಿ ಅಂತಲೂ ಹೇಳುತ್ತಿರಲಿಲ್ಲ. ಒಬ್ಬೊಬ್ಬರಾಗಿ ಹುಡುಗಿಯರು ಬಂದು ಕೂತುಕೊಳ್ಳತೊಡಗಿದರು. ಸುದ್ದಿ ಹೊರಗೆ ಹೋಯಿತು. ಕೇಸರಿ ಪತ್ರಿಕೆ ಬರೆಯಿತು. ಊರೆಲ್ಲ ಅದೇ ಮಾತಾಯಿತು.

ಒಂದು ಬಾಗಿಲನ್ನು ಒಂದು ಗಳಿಗೆ ಹಾಕಿಕೊಂಡಿದ್ದರೆ ಎಲ್ಲ ತಣ್ಣಗಾಗುತ್ತಿತ್ತು. ಪ್ರಾರ್ಥನೆಗೇನೂ ಕೊರತೆಯಾಗುತ್ತಿರಲಿಲ್ಲ. ಮುಚ್ಚಿದ ಬಾಗಿಲಿನೊಳಗೆ ದೇವರಿಗೆ ಕೇಳಿಸುವುದಿಲ್ಲವೇ? ಆದರೆ ಆಕೆ ಹಾಕಲಿಲ್ಲ. ತುಳಸಿ ಪೂಜೆ ಅಂಗಳದಲ್ಲಿ ನಡೆಯಬಹುದಾದರೆ ನನ್ನ ಪ್ರಾರ್ಥನೆ ಮಾತ್ರ ಕದ್ದು ಯಾಕೆ ನಡೆಯಬೇಕು ಎನ್ನುವುದು ಅವರ ನ್ಯಾಯ. 1893ರ ಆಗಸ್ಟಿನಲ್ಲಿ ರಾನಡೆ, ಭಂಡಾರಕರ್ ಮೊದಲಾದವರು ಸದನದ ಸಂಬಂಧ ಬಿಟ್ಟೆವು ಎಂದು ಪ್ರಕಟಿಸಿದರು. ಇಪ್ಪತ್ತಕ್ಕೂ ಮೇಲೆ ಹುಡುಗಿಯರನ್ನು ಮನೆಯವರು ಬಂದು ಕರೆದುಕೊಂಡು ಹೋದರು. ಓದಲು ಬಂದವರು ಮತ್ತೆ ತಲೆ ಬೋಳಿಸಿದ ಕತ್ತಲಿನ ಮೂಲೆಗೆ ಹೋದರು. ಆ ಹುಡುಗಿಯರು ಗಾಡಿ ಹತ್ತುವುದನ್ನು ನೋಡುತ್ತ ನಿಂತ ರಮಾಬಾಯಿಗೆ ಬಾಗಿಲಿನ ಬೆಲೆ ಎಷ್ಟು ಅಂತ ತಿಳಿಯದೆ ಇರಲಿಲ್ಲ.

ಇಲ್ಲಿ ವಿರೋಧಿಗಳ ಮಾತನ್ನೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯ. ಶಾಲೆ ಯಾವ ಮತವನ್ನೂ ಬೋಧಿಸುವುದಿಲ್ಲ ಎಂದು ನಂಬಿ ಜನ ಮಕ್ಕಳನ್ನು ಕಳಿಸಿದ್ದರು. ಹನ್ನೆರಡು ಹದಿಮೂರು ವರ್ಷದ ಹುಡುಗಿಗೆ ತಾಯಿಯಂತೆ ಅನ್ನ ಹಾಕುವವರ ದೇವರು ತಾನಾಗಿ ಹತ್ತಿರವಾಗುತ್ತಾನೆ, ಬಾಯಿಂದ ಬೋಧಿಸಲೇಬೇಕೆಂದಿಲ್ಲ. ರಾನಡೆಯಂಥವರು ಸಣ್ಣ ಮನಸ್ಸಿನಿಂದ ಹೋದವರಲ್ಲ. ಅವರಿಗೂ ಒಂದು ಸಮಾಜವನ್ನು ಜೊತೆಗೆ ಕರೆದೊಯ್ಯಬೇಕಾಗಿತ್ತು. ಇತ್ತ ಕೆಲವು ಕ್ರೈಸ್ತರು ಈಕೆ ಸರಿಯಾಗಿ ಮತ ಪ್ರಚಾರ ಮಾಡುವುದೇ ಇಲ್ಲ ಎಂದು ಬೈಯುತ್ತಿದ್ದರು. ಎರಡೂ ಕಡೆಯಿಂದ ಏಟು. ಬಾಸ್ಟನ್ನಿನವರು ವಿಚಾರಿಸಿ ನೋಡಿ ಆಕೆಯ ಕೈ ಬಿಡಲಿಲ್ಲ. 1895ರಲ್ಲಿ ಸದನದ ಹನ್ನೆರಡು ಜನ ದೀಕ್ಷಾಸ್ನಾನ ಪಡೆದಾಗ ಗದ್ದಲ ಇನ್ನೂ ಹೆಚ್ಚಾಯಿತು. ಹತ್ತು ವರ್ಷದ ಒಪ್ಪಂದ ಮುಗಿದ ಮೇಲೆ 1898ರಲ್ಲಿ ರಮಾಬಾಯಿ ಅಮೆರಿಕಕ್ಕೆ ಹೋಗಿ, ಇನ್ನು ಮುಂದೆ ನನ್ನ ಕೆಲಸ ಬಹಿರಂಗವಾಗಿ ಕ್ರೈಸ್ತ ಕೆಲಸ ಎಂದು ಹೇಳಿಯೇ ಮುಂದುವರಿದರು. ಹೊಸ ಆಶ್ರಮಕ್ಕೆ ಸೇರುವವರಿಗೆ ಆ ಮೇಲೆ ಸಂಶಯಕ್ಕೆ ಎಡೆ ಇರಲಿಲ್ಲ.

ಇನ್ನೊಂದು ಸಂಗತಿ ನನಗೆ ಬಹಳ ವಿಚಿತ್ರ ಅನಿಸಿತು. ದೀಕ್ಷಾಸ್ನಾನವಾಗಿ ಸುಮಾರು ಎಂಟು ವರ್ಷ ಕಳೆದ ಮೇಲೆ, ತಾನು ಇಷ್ಟು ದಿನ ಕ್ರೈಸ್ತ ಮತವನ್ನು ಹಿಡಿದಿದ್ದೆ, ಕ್ರಿಸ್ತನನ್ನು ಹಿಡಿದಿರಲಿಲ್ಲ ಎನ್ನುವ ಅರ್ಥ ಬರುವಂತೆ ಅವರೇ ತಮ್ಮ ಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ಮನಸ್ಸು ಪೂರ್ತಿ ಗಟ್ಟಿಯಾದ ಮೇಲೆ ಹೇಳಿಕೊಳ್ಳೋಣ ಅಂತ ಅವರು ಕಾದಿದ್ದರೆ ಬಹುಶಃ ಹೇಳುತ್ತಲೇ ಇರಲಿಲ್ಲ. ಮೊದಲು ಹೇಳಿದರು, ಆಮೇಲೆ ಹೇಳಿದ ಮಾತಿಗೆ ತಕ್ಕಂತೆ ಬೆಳೆದರು. ನಾನು ಇದನ್ನು ತಿರುಗಾಮುರುಗಾ ತಿಳಿದಿದ್ದೆ.

ಮುಂದಿನದು ಎಲ್ಲರಿಗೂ ಗೊತ್ತಿರುವ ಭಾಗ. 1896-97ರ ಬರಗಾಲದಲ್ಲಿ ಮಧ್ಯಪ್ರಾಂತಕ್ಕೆ ಹೋಗಿ ಸಾಯುತ್ತಿದ್ದ ಹುಡುಗಿಯರನ್ನು ನೂರಾರು ಸಂಖ್ಯೆಯಲ್ಲಿ ಕರೆತಂದರು. ತಾನೇ ಎಲೆ ತಿಂದು ಬದುಕಿದವಳಿಗೆ ಹಸಿವು ಏನು ಅಂತ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಪುಣೆಯಿಂದ ದೌಂಡ್ ಕಡೆಗೆ ಹೋಗುವ ರೈಲು ದಾರಿಯಲ್ಲಿ ಕೇಡಗಾಂವ್ ಸಿಗುತ್ತದೆ. ಅಲ್ಲಿ ಸುಮಾರು 100 ಎಕರೆ ನೆಲ ಕೊಂಡು ಮುಕ್ತಿ ಸದನ ಕಟ್ಟಿದರು. 1900ರ ಹೊತ್ತಿಗೆ ಅಲ್ಲಿ 2000ದಷ್ಟು ಜನ ಇದ್ದರು. ಬಾವಿ ತೋಡಿಸಿದರು, ಹೊಲ ಮಾಡಿಸಿದರು, ನೇಯ್ಗೆ, ಗಾಣ, ಹೈನು, ಅಚ್ಚುಕೂಟ ಎಲ್ಲ ಹುಡುಗಿಯರ ಕೈಯಿಂದಲೇ. ಕುರುಡಿಯರಿಗೆ ಬೇರೆ ಶಾಲೆ. 1897ರ ಪ್ಲೇಗಿನ ಕಾಲಕ್ಕೆ ಪುಣೆಯ ಪ್ಲೇಗ್ ಆಸ್ಪತ್ರೆಯಲ್ಲಿ ಹೆಂಗಸರನ್ನು ನಡೆಸಿಕೊಂಡ ರೀತಿಯ ಬಗ್ಗೆ ಸರಕಾರದ ಮೇಲೆಯೇ ಪತ್ರಿಕೆಯಲ್ಲಿ ಬರೆದರು. ಕ್ರೈಸ್ತರಾದವರು ಸರಕಾರದ ಬಾಲ ಅನ್ನುವವರು ಇದನ್ನು ಓದಬೇಕು. 1919ರಲ್ಲಿ ಅದೇ ಸರಕಾರ ಕೈಸರ್-ಇ-ಹಿಂದ್ ಪದಕವನ್ನೂ ಕೊಟ್ಟಿತು.

ಮಗಳು ಮನೋರಮಾ ತಾಯಿಯ ಬಲಗೈಯಾಗಿ ನಿಂತಳು. ಆಗ ನಿಜಾಮರ ಸೀಮೆಯಲ್ಲಿದ್ದ ನಮ್ಮ ಗುಲಬರ್ಗಾದಲ್ಲಿ ಒಂದು ಶಾಲೆ ಹಾಕಿದ್ದು ಇವರೇ. 1921ರ ಜುಲೈಯಲ್ಲಿ ಮನೋರಮಾ ನಲವತ್ತು ವರ್ಷಕ್ಕೇ ತೀರಿಕೊಂಡಳು. ತಾಯಿ ಅದನ್ನೂ ಸಹಿಸಿ ಹಿಡಿದ ಕೆಲಸ ಬಿಡಲಿಲ್ಲ. ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತು, ಸಂಸ್ಕೃತದ ಭಾರವಿಲ್ಲದ ಸರಳ ಮರಾಠಿಯಲ್ಲಿ, ಹಳ್ಳಿಯ ಹೆಂಗಸಿಗೂ ತಿಳಿಯುವಂತೆ ಇಡೀ ಬೈಬಲನ್ನು ಅನುವಾದಿಸುತ್ತಿದ್ದರು. 18,000 ಶ್ಲೋಕ ಬಾಯಲ್ಲಿದ್ದ ಪಂಡಿತೆ ಬೇಕೆಂದೇ ಪಾಂಡಿತ್ಯವನ್ನು ಹೊರಗಿಟ್ಟು ಬರೆದದ್ದು ಇದು. ಅದನ್ನು ಮುಗಿಸಿ 1922ರ ಏಪ್ರಿಲ್ 5ರಂದು ಕಣ್ಣು ಮುಚ್ಚಿದರು. ಪುಸ್ತಕ 1924ರಲ್ಲಿ ಹೊರಬಂತು. 1989ರಲ್ಲಿ ನಮ್ಮ ಅಂಚೆ ಇಲಾಖೆ ಅವರ ಅಂಚೆಚೀಟಿ ತಂದಿತು.

ಈಗ ನನ್ನ ನಗುವಿನ ಕಾರಣ.

ನಾನು ಗದಗ-ಬೆಟಗೇರಿಯವಳು. ಹತ್ತನೆತ್ತದವರೆಗೆ ಓದಿದ್ದು ಕನ್ನಡ ಶಾಲೆಯಲ್ಲಿ. ನನ್ನ ಹೆಸರು ನೋಡಿದರೆ ಯಾವ ಮತ ಅಂತ ಯಾರಿಗೂ ತಿಳಿಯುವುದಿಲ್ಲ. ನಮ್ಮ ಕಡೆ ಬಾಸೆಲ್ ಮಿಶನ್ನಿನ ಕಾಲದ ಹಳೆಯ ಮನೆತನಗಳಲ್ಲಿ ಇಂಥ ಕನ್ನಡ ಹೆಸರುಗಳು ಬೇಕಾದಷ್ಟಿವೆ. ಪುಣೆಗೆ ಬಂದ ಮೊದಲ ವಾರ ರೂಮಿನ ಗೆಳತಿ ನನ್ನನ್ನು ತನ್ನವರಲ್ಲಿ ಒಬ್ಬಳು ಅಂದುಕೊಂಡಳು, ನಾನು ತಿದ್ದಲಿಲ್ಲ. ಆಮೇಲೆ ತಿದ್ದುವುದು ದಿನದಿಂದ ದಿನಕ್ಕೆ ಕಷ್ಟವಾಯಿತು. ಭಾನುವಾರ ಎಲ್ಲಿಗೆ ಅಂದರೆ ಮಾಮಾನ ಮನೆಗೆ. ಡಿಸೆಂಬರಿನಲ್ಲಿ ಊರಿಗೆ ಯಾಕೆ ಅಂದರೆ ಅಜ್ಜಿಗೆ ಆರಾಮಿಲ್ಲ. ಅವ್ವ ಕೊಟ್ಟ ಸತ್ಯವೇದ ಪುಸ್ತಕ ಟ್ರಂಕಿನಲ್ಲಿ ಸೀರೆಯ ಕೆಳಗೆ. ಪ್ರಾರ್ಥನೆ ಚಾದರದೊಳಗೆ, ನಿದ್ದೆ ಬಂದವರ ಹಾಗೆ.

ಒಂದು ರಾತ್ರಿ ಮೆಸ್ಸಿನಲ್ಲಿ ಯಾರೋ ಗೋಧಿಗೂ ಹಾಲಿನ ಪುಡಿಗೂ ಮತ ಬದಲಿಸಿದ ಜನ ಅಂತ ಜೋಕು ಮಾಡಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಬೆಟಗೇರಿಯ ನಮ್ಮ ಸಂಡೇ ಶಾಲೆಯಲ್ಲಿ ಪೇತ್ರನು ಬೆಂಕಿ ಕಾಯಿಸಿಕೊಳ್ಳುತ್ತ ಕೂತು ಆ ಮನುಷ್ಯನನ್ನು ನಾನರಿಯೆ ಅಂದ ಕಥೆಯನ್ನು ಹೇಳುವಾಗ ನಾವೆಲ್ಲ ಅವನ ಮೇಲೆ ಸಿಟ್ಟಾಗುತ್ತಿದ್ದೆವು. ಆ ರಾತ್ರಿ ಪೇತ್ರನ ಮೇಲೆ ನನಗೆ ಸಿಟ್ಟು ಬರಲಿಲ್ಲ. ನನ್ನ ಮುತ್ತಜ್ಜಿ ಮಗ್ಗದ ಮನೆಯಲ್ಲಿ ನೂಲು ಸುತ್ತಿ ಐದು ಮಕ್ಕಳನ್ನು ಸಾಕಿದವಳು. ಹಾಲಿನ ಪುಡಿ ಅವಳ ಕಾಲಕ್ಕೆ ಕಂಡೇ ಇರಲಿಲ್ಲ.

ಅಕೌಂಟೆನ್ಸಿಯಲ್ಲಿ ನಮಗೆ ಒಂದು ಪಾಠ ಇದೆ. ಒಂದು ವ್ಯವಹಾರವನ್ನು ಪುಸ್ತಕಕ್ಕೇ ಏರಿಸದೆ ಪೂರ್ತಿ ಬಿಟ್ಟುಬಿಟ್ಟರೆ ಟ್ರಯಲ್ ಬ್ಯಾಲೆನ್ಸ್ ತಾಳೆಯಾಗುತ್ತದೆ. ಎರಡೂ ಬದಿ ಸಮ, ಯಾರಿಗೂ ಸಂಶಯ ಬರುವುದಿಲ್ಲ. ಆದರೂ ಲೆಕ್ಕ ಸುಳ್ಳು. ಎರಡು ವರ್ಷದಿಂದ ನಾನು ಹಾಗೆ ತಾಳೆಯಾಗಿದ್ದೇನೆ.

ರಮಾಬಾಯಿಯಂಥ ಧೈರ್ಯ ನನಗಿಲ್ಲ. ನನಗೆ ಅವರಂತೆ ಏನೂ ಕಳೆದುಕೊಳ್ಳುವ ಪ್ರಸಂಗವೂ ಇಲ್ಲ. ಹೆಚ್ಚೆಂದರೆ ನಾಲ್ಕು ದಿನ ಪಿಸುಮಾತು, ಒಬ್ಬಿಬ್ಬರ ಮುಖದಲ್ಲಿ ಬದಲಾವಣೆ, ಅಷ್ಟೇ. ನಾನು ಯಾರಿಗೂ ಮತ ಬೋಧಿಸಲು ಇದನ್ನು ಬರೆಯುತ್ತಿಲ್ಲ. ನಮ್ಮ ಬಳಗದಲ್ಲಿ ಕಿಟ್ಟೆಲ್ ನಿಘಂಟನ್ನು ಎಲ್ಲರೂ ಕಣ್ಣಿಗೊತ್ತಿಕೊಳ್ಳುತ್ತೇವೆ. ಆತ ಕಟ್ಟಿದ ಕನ್ನಡದ ಮನೆಯಲ್ಲಿ ಆತನ ದೇವರಿಗೆ ಪ್ರಾರ್ಥಿಸುವ ಹುಡುಗಿಗೂ ಒಂದು ಮೂಲೆ ಇರುತ್ತದೆ ಎಂದು ನಾನು ಮೊದಲೇ ನಂಬಬೇಕಾಗಿತ್ತು. ನಂಬದೆ ನಿಮ್ಮನ್ನು ಸಣ್ಣವರನ್ನಾಗಿ ಮಾಡಿದೆ, ಅದು ನನ್ನ ತಪ್ಪು.

ಈ ಲೇಖನವನ್ನು ಸಂಪಾದಕರಿಗೆ ಕೊಡುವ ಮುಂಚೆ ರೂಮಿನ ಗೆಳತಿಗೆ ಓದಲು ಕೊಟ್ಟೆ. ಆಕೆ ಓದಿ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, ಹಾಗಾದರೆ ಅಜ್ಜಿ ಆರಾಮಿದ್ದಾರೆಯೇ ಅಂತ ಕೇಳಿದಳು. ಆರಾಮಿದ್ದಾಳೆ ಅಂದೆ. ಎರಡು ವರ್ಷ ನನ್ನನ್ನು ಸುಮ್ಮನೆ ಹೆದರಿಸಿದೆಯಲ್ಲ ಎಂದು ಆಕೆಗೆ ಸಿಟ್ಟು ಬಂತು. ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಇಳಿಯಲಿ ಅಂತ ಕಾಯುತ್ತಿದ್ದೇನೆ. ಇವತ್ತು ಬೆಳಿಗ್ಗೆ ಸತ್ಯವೇದ ಪುಸ್ತಕವನ್ನು ಟ್ರಂಕಿನಿಂದ ತೆಗೆದು ಮೇಜಿನ ಮೇಲೆ ಕಾಸ್ಟಿಂಗ್ ಪುಸ್ತಕದ ಪಕ್ಕದಲ್ಲಿ ಇಟ್ಟಿದ್ದೇನೆ.